ದಿನ ತುಂಬದ ಕೂಸು ಹಾಲು ಕುಡಿಯಲು ಕಲಿಯುವ ಬಗೆ

ಜಗಳೂರು ಕಡೆಯ ಅಜ್ಜಿಯೊಬ್ಬರು ಕಳೆದ ಮಳೆಗಾಲದಲ್ಲಿ ನಮ್ಮ ವಾರ್ಡಿಗೆ ಬರುವಾಗ ಸೆರಗಿನ ಗಂಟಿನಲ್ಲಿ ಬೆಳ್ಳಿಯ ಒಳಲೆಯೊಂದನ್ನು ಕಟ್ಟಿಕೊಂಡು ಬಂದಿದ್ದರು. ಮೂತಿ ಸವೆದು ತೆಳ್ಳಗಾದ, ಒಳಗೆಲ್ಲ ಕಪ್ಪಡರಿದ ಹಳೆಯ ಒಳಲೆ. ಅವರ ಮಕ್ಕಳು, ಮೊಮ್ಮಕ್ಕಳು ಅದರಲ್ಲೇ ಹಾಲು ಕುಡಿದು, ಅದರಲ್ಲೇ ಔಷಧಿ ನುಂಗಿ ಬೆಳೆದವರು. ಈಗ ಕೊನೆಯ ಮಗಳ ಕೂಸು 31 ವಾರಕ್ಕೇ ಹುಟ್ಟಿ, 1 ಕಿಲೋ 400 ಗ್ರಾಂ ತೂಗುತ್ತಾ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಬಾಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ಟ್ಯೂಬಿನಲ್ಲಿ ಅದಕ್ಕೆ ಹಾಲು ಹೋಗುತ್ತಿತ್ತು. ಅಜ್ಜಿ ಪೆಟ್ಟಿಗೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಹೇಳಿದರು: "ಆ ಪೈಪು ತೆಗೆಯಿರಿ ಸಿಸ್ಟರ್. ಇದರಲ್ಲಿ ನಾನು ಹಾಕುತ್ತೇನೆ. ಎರಡು ನಿಮಿಷದ ಕೆಲಸ."

ಅವರ ಕೈಯ ಮೇಲೆ ನನಗೆ ಅನುಮಾನವಿರಲಿಲ್ಲ. ಆ ಎರಡು ನಿಮಿಷದ ಮೇಲೆ ಇತ್ತು.

ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಹರಪನಹಳ್ಳಿ, ಚಳ್ಳಕೆರೆ, ಹೊಳಲ್ಕೆರೆ, ಹಿರೇಕೆರೂರು, ಹೊನ್ನಾಳಿ ಎಂದು ಸುತ್ತಲಿನಿಂದೆಲ್ಲ ದಿನ ತುಂಬದ ಕೂಸುಗಳು ಇಲ್ಲಿಗೆ ಬರುತ್ತವೆ. ಇಂಥ ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ನನಗೆ ಒಂದು ವಿಷಯ ಬಾಯಿಪಾಠವಾಗಿದೆ. ಮೊದಲ ವಾರ ಮನೆಯವರು "ಉಳಿಯುತ್ತದೆಯೇ" ಎಂದು ಕೇಳುತ್ತಾರೆ. ಎರಡನೆಯ ವಾರದಿಂದ ಮನೆಗೆ ಹೋಗುವವರೆಗೂ ಕೇಳುವುದು ಒಂದೇ ಪ್ರಶ್ನೆ: "ಬಾಯಲ್ಲಿ ಯಾವಾಗ ಕುಡಿಯುತ್ತದೆ?" ಕೇಳುವ ದನಿಯಲ್ಲಿ ಕೂಸಿನ ಮೇಲೆ ಸಣ್ಣ ದೂರೂ ಇರುತ್ತದೆ. ಸೋಮಾರಿ, ಮೊಂಡು, ಶಕ್ತಿ ಇಲ್ಲ, ತಾಯಿಯ ಹಾಲು ರುಚಿಸುತ್ತಿಲ್ಲ. ಇದರಲ್ಲಿ ಒಂದೂ ಸರಿಯಲ್ಲ. ಕೂಸಿಗೆ ಇನ್ನೂ ಕೈಗೂಡದೆ ಇರುವುದು ಉಸಿರಿನ ಲೆಕ್ಕ.

ಊಟ ಮಾಡುವಾಗ ಅನ್ನದ ಅಗುಳು ತಪ್ಪಿ ಶ್ವಾಸನಾಳದ ಕಡೆ ಹೋದರೆ ನಾವು "ನೆತ್ತಿಗೆ ಹತ್ತಿತು" ಎಂದು ತಲೆ ತಟ್ಟುತ್ತೇವೆ. ನೆತ್ತಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ತಟ್ಟುತ್ತೇವೆ. ನಿಜವಾಗಿ ಆಗುವುದು ಗಂಟಲಿನಲ್ಲಿ. ಮೂಗಿನಿಂದ ಶ್ವಾಸಕೋಶಕ್ಕೆ ಹೋಗುವ ದಾರಿ, ಬಾಯಿಂದ ಹೊಟ್ಟೆಗೆ ಹೋಗುವ ದಾರಿ ಎರಡೂ ಅಲ್ಲಿ ಒಂದನ್ನೊಂದು ದಾಟುತ್ತವೆ. ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟಿನಲ್ಲಿ ಕಾದು ಬೇಸತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈಲು ಹೋಗುವಾಗ ರಸ್ತೆ ಬಂದ್. ಗುಟುಕು ಇಳಿಯುವಾಗ ಉಸಿರು ಬಂದ್. ಪ್ರತಿ ಗುಟುಕಿಗೂ ಅರ್ಧದಿಂದ ಒಂದು ಸೆಕೆಂಡು ಉಸಿರು ನಿಲ್ಲುತ್ತದೆ, ನಿಲ್ಲಲೇಬೇಕು.

ದೊಡ್ಡವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ನಾವು ನಿಮಿಷಕ್ಕೆ ಹದಿನೈದರ ಆಸುಪಾಸು ಉಸಿರಾಡುತ್ತೇವೆ, ಗುಟುಕಿಗೆ ಬೇಕಾದಷ್ಟು ಬಿಡುವಿರುತ್ತದೆ. ನವಜಾತ ಶಿಶು ನಿಮಿಷಕ್ಕೆ 40ರಿಂದ 60 ಬಾರಿ ಉಸಿರಾಡುತ್ತದೆ. ಹಾಲು ಬರುತ್ತಿರುವಾಗ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಚೀಪುತ್ತದೆ. ಗೇಟು ಸೆಕೆಂಡಿಗೊಮ್ಮೆ ಮುಚ್ಚಿದರೆ ರಸ್ತೆಯ ಗಾಡಿಗಳು ದಾಟುವುದು ಯಾವಾಗ? ದಿನ ತುಂಬಿದ ಕೂಸು ಎರಡು ಗುಟುಕಿನ ನಡುವೆ ಒಂದು ಉಸಿರನ್ನು ನಾಜೂಕಾಗಿ ತೂರಿಸುತ್ತದೆ. ಚೀಪು, ನುಂಗು, ಉಸಿರಾಡು. ಮತ್ತೆ ಚೀಪು, ನುಂಗು, ಉಸಿರಾಡು. ದಿನ ತುಂಬದ ಕೂಸಿಗೆ ಈ ತಾಳ ಇನ್ನೂ ಕುದುರಿರುವುದಿಲ್ಲ. ಮೂರು ನಾಲ್ಕು ಬಾರಿ ಚೀಪುತ್ತದೆ, ಅಷ್ಟು ಹೊತ್ತೂ ಉಸಿರು ಕಟ್ಟಿಕೊಂಡೇ ಇರುತ್ತದೆ. ಆಮೇಲೆ ಹಾಲನ್ನು ಬಾಯಲ್ಲೇ ಬಿಟ್ಟು ಏದುಸಿರು ಬಿಡುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಇನ್ನೊಂದು ಗುಟುಕು ಸುರಿದರೆ ಅದು ಹೋಗುವುದು ತೆರೆದಿರುವ ದಾರಿಗೆ, ಅಂದರೆ ಶ್ವಾಸನಾಳಕ್ಕೆ.

ಇನ್ನೂ ಒಂದು ತೊಡಕಿದೆ. ನಮಗೆ ನೆತ್ತಿಗೆ ಹತ್ತಿದರೆ ಕೆಮ್ಮು ಬಂದು ಕಾಪಾಡುತ್ತದೆ. ಎಳೆ ಕೂಸಿನಲ್ಲಿ ಕೆಮ್ಮುವ ಪ್ರತಿಕ್ರಿಯೆ ಬಲಿತಿರುವುದಿಲ್ಲ. ಗಂಟಲಿನ ಆ ಜಾಗಕ್ಕೆ ಹಾಲು ತಾಗಿದರೆ ಅದು ಕೆಮ್ಮುವ ಬದಲು ಉಸಿರನ್ನೇ ನಿಲ್ಲಿಸಿಬಿಡುತ್ತದೆ, ಎದೆಬಡಿತವೂ ನಿಧಾನವಾಗುತ್ತದೆ. ಸದ್ದೇ ಇರುವುದಿಲ್ಲ. ತುಟಿಯ ಸುತ್ತ ನೀಲಿ ಬರುವುದನ್ನು ಕಣ್ಣಿಟ್ಟು ನೋಡಿದವರಿಗೆ ಮಾತ್ರ ತಿಳಿಯುತ್ತದೆ. "ಕೆಮ್ಮಲಿಲ್ಲವಲ್ಲ, ಚೆನ್ನಾಗಿ ಕುಡಿಯಿತು" ಎಂಬ ಮಾತು ಕೇಳಿದಾಗ ನನ್ನ ಎದೆ ಧಸಕ್ಕೆನ್ನುವುದು ಇದಕ್ಕೇ.

ಹಾಗಾದರೆ ಕೂಸು ಗರ್ಭದಲ್ಲಿ ಏನೂ ಕಲಿತಿರುವುದಿಲ್ಲವೇ? ಕಲಿತಿರುತ್ತದೆ, ಅರ್ಧ ಪಾಠ. ನಾಲ್ಕನೆಯ ತಿಂಗಳ ಹೊತ್ತಿಗೇ ಭ್ರೂಣ ಸುತ್ತಲಿನ ನೀರನ್ನು ನುಂಗಲು ಶುರು ಮಾಡುತ್ತದೆ. ಸ್ಕ್ಯಾನಿಂಗ್‌ನಲ್ಲಿ ಬೆರಳು ಚೀಪುವುದನ್ನು ನೋಡಿದ ತಾಯಂದಿರೂ ಇದ್ದಾರೆ. ದಿನ ತುಂಬುವ ಹೊತ್ತಿಗೆ ಅದು ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ನೀರು ನುಂಗುತ್ತಿರುತ್ತದೆ. ಆದರೆ ಅಲ್ಲಿ ಆಮ್ಲಜನಕ ಬರುವುದು ಹೊಕ್ಕುಳಬಳ್ಳಿಯಿಂದ. ಎಷ್ಟು ನುಂಗಿದರೂ ಉಸಿರು ಕಟ್ಟುವ ಮಾತಿಲ್ಲ. ನುಂಗುವುದನ್ನು ಉಸಿರಿನೊಂದಿಗೆ ಹೊಂದಿಸುವ ಪಾಠ ಹೊರಗೆ ಬಂದ ಮೇಲಿನದು, ಮತ್ತು ಆ ಪಾಠಕ್ಕೆ ಬೇಕಾದ ನರಗಳ ಜಾಲ ಮಿದುಳಿನ ಬುಡದಲ್ಲಿ ಬಲಿಯುವುದು ಬಸಿರಿನ ಕೊನೆಯ ಎರಡು ತಿಂಗಳುಗಳಲ್ಲಿ. 32 ವಾರದ ಸುಮಾರಿಗೆ ಕೆನ್ನೆಗೆ ಬೆರಳು ತಾಗಿಸಿದರೆ ಕೂಸು ಬಾಯಿ ತಿರುಗಿಸಿ ಹುಡುಕತೊಡಗುತ್ತದೆ. 34 ವಾರದ ಸುಮಾರಿಗೆ ಹೆಚ್ಚಿನ ಕೂಸುಗಳಲ್ಲಿ ಚೀಪುವುದು, ನುಂಗುವುದು, ಉಸಿರಾಡುವುದು ಒಂದಕ್ಕೊಂದು ಕೂಡಿಕೊಳ್ಳತೊಡಗುತ್ತವೆ. ತಾಳ ತಪ್ಪದೆ ನಡೆಯಲು 37 ವಾರವಾಗಬೇಕು. ಬಹಳ ದಿನ ಆಮ್ಲಜನಕದ ಮೇಲಿದ್ದ ಕೂಸಿಗೆ ಇನ್ನೂ ತಡವಾಗುತ್ತದೆ.

ಇಲ್ಲಿ ವಾರವೆಂದರೆ ಹುಟ್ಟಿದ ಮೇಲಿನ ವಾರವಲ್ಲ. 30 ವಾರಕ್ಕೆ ಹುಟ್ಟಿ ನಾಲ್ಕು ವಾರ ಕಳೆದಿದ್ದರೆ ಕೂಸು 34 ವಾರದ್ದು. "ತಿಂಗಳ ಕೂಸು, ಇನ್ನೂ ಮೊಲೆ ಹಿಡಿಯುತ್ತಿಲ್ಲ" ಎಂದು ಪಕ್ಕದ ಮನೆಯವರು ಹೇಳಿದಾಗ ತಾಯಿ ಈ ಲೆಕ್ಕ ನೆನಪಿಟ್ಟುಕೊಂಡರೆ ಅರ್ಧ ದುಃಖ ಕಡಿಮೆಯಾಗುತ್ತದೆ. ಅವಳೊಬ್ಬಳೇ ಅಲ್ಲ ಎಂಬುದೂ ತಿಳಿದಿರಲಿ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದವು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು.

ಬಾಯಿಯ ಕಟ್ಟಡದ್ದೂ ಒಂದು ಮಾತಿದೆ. ತುಂಬು ಕೂಸಿನ ಕೆನ್ನೆಯೊಳಗೆ ಕೊಬ್ಬಿನ ಸಣ್ಣ ದಿಂಬುಗಳಿರುತ್ತವೆ. ಚೀಪುವಾಗ ಕೆನ್ನೆ ಒಳಸರಿಯದಂತೆ ಅವು ತಡೆಯುತ್ತವೆ. ಇವೂ ಕೊನೆಯ ವಾರಗಳ ಸರಕು. ಅವಿಲ್ಲದ ಕೂಸು ನಾಲಿಗೆಯಿಂದ ಮೊಲೆತೊಟ್ಟನ್ನು ಒತ್ತಬಲ್ಲದು, ಎಳೆಯಲಾರದು. ಮೊದಲು ಒತ್ತುವುದು ಬರುತ್ತದೆ, ಎಳೆಯುವುದು ಆಮೇಲೆ. ಎರಡೂ ಬಂದ ಮೇಲೂ ಐದು ನಿಮಿಷಕ್ಕೆ ದಣಿದು ನಿದ್ದೆಹೋಗುತ್ತದೆ.

ಅಲ್ಲಿಯವರೆಗೆ ಟ್ಯೂಬ್. ಅದನ್ನು ನೋಡಿ ಕರುಳು ಚುರುಕ್ಕೆನ್ನುವುದು ಸಹಜ, ಆದರೆ ಅದು ಕೂಸಿಗೆ ಹಾಲು ಕುಡಿಯುವ ದುಡಿಮೆಯಿಂದ ಕೊಟ್ಟ ರಜೆ. ಸಿರಿಂಜಿನ ಹಿಂದಿನ ಕಡ್ಡಿ ತೆಗೆದು, ಬರೀ ಕೊಳವೆಯನ್ನು ಟ್ಯೂಬಿಗೆ ಸಿಕ್ಕಿಸಿ ಸ್ವಲ್ಪ ಎತ್ತರಕ್ಕೆ ಹಿಡಿದಿರುತ್ತೇವೆ. ಹಾಲು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಯಾರೂ ಒತ್ತುವುದಿಲ್ಲ. ಎಷ್ಟು ಹಾಲು? ಮೊದಲ ದಿನಗಳಲ್ಲಿ ಒಂದು ಬಾರಿಗೆ ಒಂದೆರಡು ಎಂ.ಎಲ್., ಕರುಳಿಗೆ ಪರಿಚಯವಾಗಲಿ ಎಂದು. ದಿನದಿನಕ್ಕೆ ಏರಿಸುತ್ತಾ ಕಿಲೋ ತೂಕಕ್ಕೆ 150 ಎಂ.ಎಲ್. ಸುಮಾರಿಗೆ ತಂದಾಗ, 1 ಕಿಲೋ 400 ಗ್ರಾಂ ಕೂಸಿಗೆ ದಿನಕ್ಕೆ 210 ಎಂ.ಎಲ್. ಬೇಕು. ಎರಡು ಗಂಟೆಗೊಮ್ಮೆ ಕೊಟ್ಟರೆ ಒಂದು ಸಲಕ್ಕೆ ಹದಿನೇಳು ಹದಿನೆಂಟು ಎಂ.ಎಲ್. ಬೈಟು ಚಹಾದ ಲೋಟದಲ್ಲಿ ತಳ ಮುಚ್ಚುವಷ್ಟು. ಈ ಅಂಕಿ ಕೇಳಿದಾಗ ಹಾಲಿಲ್ಲ ಎಂದು ಅಳುತ್ತಿದ್ದ ತಾಯಂದಿರ ಮುಖ ಬದಲಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ತುಂಬಾ ಚಿಕ್ಕ ಕೂಸುಗಳಿಗೆ ತಾಯಿಯ ಹಾಲಿಗೇ ಒಂದು ಪುಡಿ ಬೆರೆಸಿ ಕೊಡುವುದುಂಟು. ಅದನ್ನು ನೋಡಿ "ಡಬ್ಬಿ ಹಾಲು ಕೊಡುತ್ತಿದ್ದಾರೆ" ಎಂದು ಜಗಳಕ್ಕೆ ಬಂದವರಿದ್ದಾರೆ. ಅದು ಹಾಲಿನ ಬದಲಿಗೆ ಕೊಡುವ ಪುಡಿಯಲ್ಲ. ಮೂಳೆಗೆ, ಬೆಳವಣಿಗೆಗೆ ಬೇಕಾದ ಸುಣ್ಣ, ಪ್ರೋಟೀನ್ ಸೇರಿಸಿ ಅದೇ ಹಾಲನ್ನು ಗಟ್ಟಿ ಮಾಡುವುದು.

ಇನ್ನು ತಾಯಿಯ ಕೆಲಸ. ಕೂಸು ಪೆಟ್ಟಿಗೆಯಲ್ಲಿದ್ದರೂ ಹಾಲು ಹಿಂಡುವುದು ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಶುರುವಾಗಬೇಕು. ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿಯೂ ಸೇರಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ವೃತ್ತದ ಅಂಚಿನ ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಬಿಡುವುದು. ತೊಟ್ಟನ್ನು ಹಿಡಿದು ಎಳೆದರೆ ನೋವು ಮಾತ್ರ ಬರುತ್ತದೆ. ಮೊದಲ ದಿನ ನಾಲ್ಕಾರು ಹನಿ ಬಂದರೆ ಅದೇ ಚಿನ್ನ. ಆ ಹಳದಿ ಗಿಣ್ಣುಹಾಲನ್ನು ನಾವು ಕೂಸಿನ ಕೆನ್ನೆಯ ಒಳಬದಿಗೆ ಸವರುತ್ತೇವೆ. ಸೋಂಕಿನ ಎದುರು ಅದು ಕೂಸಿನ ಮೊದಲ ಕಾವಲು. ನುಂಗಲು ಬಾರದ ಕೂಸಿಗೂ ತಾಯಿಯ ರುಚಿ ಸಿಕ್ಕಂತಾಗುತ್ತದೆ. ಹಿಂಡಿದ ಹಾಲನ್ನು ಫ್ರಿಜ್ಜಿನಲ್ಲಿ 24 ಗಂಟೆ ಇಡಬಹುದು. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಹೊರಗೆ ಇಟ್ಟು ಮರೆಯಬಾರದು.

ಹಾಲು ಹಿಂಡುವುದರ ಜೊತೆಗೆ ಇನ್ನೊಂದು ಕೆಲಸವಿದೆ, ಬಾಯಿಯಲ್ಲಿ ಕುಡಿಯುವುದಕ್ಕೂ ಅದಕ್ಕೂ ಏನು ಸಂಬಂಧ ಎಂದು ಮನೆಯವರಿಗೆ ಅನ್ನಿಸುವ ಕೆಲಸ. ಕೂಸಿಗೆ ಲಂಗೋಟಿ, ಟೋಪಿ ಮಾತ್ರ ಹಾಕಿ ತಾಯಿಯ ಬರಿ ಎದೆಯ ಮೇಲೆ ಕಪ್ಪೆಯ ಹಾಗೆ ಅಂಟಿಸಿ, ಮೇಲೊಂದು ಬಟ್ಟೆ ಬಿಗಿದು ಕಟ್ಟುವುದು. ಕಾಂಗರೂ ಆರೈಕೆ ಎಂಬುದು ಇದರ ಹೆಸರು. 1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಪೆಟ್ಟಿಗೆಗಳು ಸಾಲದೆ ಒಂದರಲ್ಲಿ ಎರಡು ಮೂರು ಕೂಸು ಮಲಗಿಸುವ ಪರಿಸ್ಥಿತಿ ಬಂದಾಗ ಡಾಕ್ಟರ್ ಎಡ್ಗರ್ ರೇ ಇದನ್ನು ಶುರು ಮಾಡಿದರು. ಬಡವರ ಉಪಾಯ ಎಂದುಕೊಂಡದ್ದು ಈಗ ಎಲ್ಲರ ಪದ್ಧತಿಯಾಗಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1 ಕಿಲೋದಿಂದ 1 ಕಿಲೋ 800 ಗ್ರಾಂ ಒಳಗಿನ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದಾಗ ಸಾವುಗಳು ಕಾಲುಭಾಗ ಕಡಿಮೆಯಾದವು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ದಿನಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದಂತೆ, ಸಾಧ್ಯವಾದರೆ 24 ಗಂಟೆಯೂ ಮಾಡಿ ಎಂದಿತು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಇಡೀ ಜಿಲ್ಲೆಗೆ ವಿಸ್ತರಿಸಿ ನೋಡಿದ್ದಾರೆ.

ಎದೆಯ ಮೇಲಿನ ಕೂಸು ಬೆಚ್ಚಗಿರುತ್ತದೆ. ಮೈ ಬೆಚ್ಚಗಿಡಲು ಖರ್ಚಾಗುತ್ತಿದ್ದ ಶಕ್ತಿ ಚೀಪಲು ಉಳಿಯುತ್ತದೆ. ತಾಯಿಯ ವಾಸನೆಗೆ ಮೂಗು ಅರಳುತ್ತದೆ, ನಾಲಿಗೆ ಹೊರಬರುತ್ತದೆ. ಹೀಗೆ ಮಲಗಿದ್ದ ಕೂಸು ಯಾರ ಸಹಾಯವೂ ಇಲ್ಲದೆ ಜಾರಿಕೊಂಡು ಹೋಗಿ ಮೊಲೆತೊಟ್ಟು ನೆಕ್ಕಿದ್ದನ್ನು ಕಂಡಿದ್ದೇನೆ. ತಾಯಿಗೆ ದಣಿವಾದಾಗ ತಂದೆ ಕಟ್ಟಿಕೊಳ್ಳಬಹುದು, ಅಜ್ಜಿ ಕಟ್ಟಿಕೊಳ್ಳಬಹುದು. ಹೊಲದಿಂದ ನೇರ ಬಂದ ಒಬ್ಬ ತಂದೆಯನ್ನು ಸ್ನಾನ ಮಾಡಿಸಿ ಕೂಸು ಕಟ್ಟಿದಾಗ ಆತ ಎರಡು ಗಂಟೆ ಉಗುಳು ನುಂಗಲೂ ಹೆದರಿ ಕೂತಿದ್ದ. ಮನೆಯವರನ್ನು ಘಟಕದ ಒಳಗೆ ಬಿಟ್ಟು ಆರೈಕೆ ಕಲಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೂ ಇದೆ. ನಾನು ಮೊದಲು ಕೆಲಸಕ್ಕೆ ಸೇರಿದ ಕಡೆ ತಾಯಿಗೆ ಕಿಟಕಿಯ ಗಾಜಿನಾಚೆ ನಿಂತು ನೋಡಲು ಮಾತ್ರ ಬಿಡುತ್ತಿದ್ದರು. ಹಾಲು ಬತ್ತಿತು ಎಂದು ಆಮೇಲೆ ಅವಳನ್ನೇ ಬೈಯುತ್ತಿದ್ದರು.

ಮುಂದಿನ ಹೆಜ್ಜೆ ಹಾಲಿಲ್ಲದ ಮೊಲೆ. ಕೇಳಲು ವಿಚಿತ್ರ. ತಾಯಿ ಪೂರ್ತಿ ಹಾಲು ಹಿಂಡಿದ ಮೇಲೆ ಬರಿದಾದ ಮೊಲೆಗೆ ಕೂಸನ್ನು ಹಚ್ಚುತ್ತೇವೆ, ಅದೇ ಹೊತ್ತಿಗೆ ಟ್ಯೂಬಿನಲ್ಲಿ ಹಾಲು ಬಿಡುತ್ತೇವೆ. ನುಂಗುವ ಭಾರವಿಲ್ಲದ ಈ ಚೀಪುವಿಕೆ ಸೆಕೆಂಡಿಗೆ ಎರಡರ ವೇಗದಲ್ಲಿ ಸಲೀಸಾಗಿ ನಡೆಯುತ್ತದೆ. ಹೊಟ್ಟೆ ತುಂಬುವುದಕ್ಕೂ ಬಾಯಿ ಆಡಿಸುವುದಕ್ಕೂ ನಂಟಿದೆ ಎಂದು ಕೂಸು ಕಲಿಯುವುದು ಹೀಗೆ. ಇದರಿಂದ ಟ್ಯೂಬ್ ಬೇಗ ಹೋಗುತ್ತದೆ, ಆಸ್ಪತ್ರೆಯ ದಿನಗಳೂ ಕಡಿಮೆಯಾಗುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಕೆನ್ನೆ, ತುಟಿ, ವಸಡುಗಳನ್ನು ಬೆರಳಿನಿಂದ ಮೃದುವಾಗಿ ಸವರುವ ಕ್ರಮವೂ ಒಂದಿದೆ, ಕೆಲವೇ ನಿಮಿಷದ್ದು. ಉಪಯೋಗವಿದೆ, ಆದರೆ ತಿಳಿದವರು ಪಕ್ಕದಲ್ಲಿ ನಿಂತು ಕಲಿಸಬೇಕು. ಮೊಬೈಲಿನಲ್ಲಿ ವಿಡಿಯೊ ನೋಡಿ ಕೂಸಿನ ಬಾಯೊಳಗೆ ಬೆರಳು ಹಾಕಿ ತಿಕ್ಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಈಗ ಒಳಲೆಯ ವಿಷಯ. ಅಜ್ಜಿ ತಂದದ್ದು ತಪ್ಪು ವಸ್ತುವೇನೂ ಆಗಿರಲಿಲ್ಲ. 32ರಿಂದ 34 ವಾರದ ನಡುವೆ, ಮೊಲೆಯಿಂದ ಪೂರ್ತಿ ಕುಡಿಯಲಾಗದ, ಆದರೆ ನುಂಗಬಲ್ಲ ಕೂಸಿಗೆ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಬಳಸುವುದು ಇದನ್ನೇ. ತಮಿಳಿನ ಪಾಲಾಡೈ ಎಂಬ ಹೆಸರಿನಲ್ಲಿ ಅದು ವೈದ್ಯಕೀಯ ಪುಸ್ತಕಗಳನ್ನೂ ಸೇರಿದೆ. ನಮ್ಮಲ್ಲಿ ಸ್ಟೀಲಿನದು, ಕುದಿಸಿ ಇಟ್ಟದ್ದು. ವ್ಯತ್ಯಾಸ ಇರುವುದು ಹಿಡಿಯುವ ಕೈಯಲ್ಲಿ.

ಮನೆಯಲ್ಲಿ ಅಜ್ಜಿಯರು ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಎರಡು ಕೆನ್ನೆ ಅದುಮಿ ಬಾಯಿ ತೆರೆಸಿ, ನಾಲಿಗೆಯ ಮೇಲೆ ಹಾಲು ಸುರಿಯುತ್ತಾರೆ. ಕೂಸು ಅತ್ತರೂ ಗಂಟಲಲ್ಲಿ ಇಳಿಯುತ್ತದೆ. ಅದಕ್ಕೇ ನಮ್ಮ ಭಾಷೆಯಲ್ಲಿ ಹಾಲು "ಕುಡಿಸುವುದು" ಎಂದಷ್ಟೇ ಅಲ್ಲ, ಹಾಲು "ಹಾಕುವುದು" ಎಂಬ ಮಾತೂ ಇದೆ. ದಿನ ತುಂಬಿದ ಗಟ್ಟಿ ಕೂಸು ಇದನ್ನು ಹೇಗೋ ತಾಳಿಕೊಳ್ಳುತ್ತದೆ. 33 ವಾರದ ಕೂಸು ತಾಳುವುದಿಲ್ಲ. ಅದಕ್ಕೆ ಉಸಿರಿನ ಬಿಡುವು ತಾನೇ ಆರಿಸಿಕೊಳ್ಳುವ ಅವಕಾಶ ಬೇಕು, ಸುರಿಯುವ ಕೈ ಆ ಅವಕಾಶವನ್ನೇ ಕಿತ್ತುಕೊಳ್ಳುತ್ತದೆ.

ವಾರ್ಡಿನಲ್ಲಿ ನಾವು ಮಾಡುವುದು ಹೀಗೆ. ಕೂಸು ಎಚ್ಚರವಾಗುವವರೆಗೆ ಕಾಯುತ್ತೇವೆ. ಬಟ್ಟೆಯಲ್ಲಿ ಕೈಗಳು ಎದೆಯ ಹತ್ತಿರ ಬರುವಂತೆ ಸುತ್ತಿ, ಮಡಿಲಲ್ಲಿ ಅರ್ಧ ಕೂತಂತೆ ಹಿಡಿದು, ಕುತ್ತಿಗೆಗೆ ಅಂಗೈ ಕೊಡುತ್ತೇವೆ. ಒಳಲೆಯಲ್ಲಿ ಮುಕ್ಕಾಲು ಹಾಲು. ಮೂತಿಯನ್ನು ಕೆಳತುಟಿಯ ಮೇಲೆ, ಬಾಯಿಯ ಮೂಲೆಯ ಕಡೆಗೆ ಇಟ್ಟು, ಹಾಲು ತುಟಿಗೆ ತಾಗುವಷ್ಟು ಮಾತ್ರ ಬಾಗಿಸುತ್ತೇವೆ. ಆಮೇಲೆ ಏನೂ ಮಾಡುವುದಿಲ್ಲ. ಹೊಸ ನರ್ಸುಗಳಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಈ ಏನೂ ಮಾಡದೆ ಇರುವುದೇ. ಸ್ವಲ್ಪ ಹೊತ್ತಿಗೆ ನಾಲಿಗೆ ಮುಂದೆ ಬರುತ್ತದೆ, ಬೆಕ್ಕಿನ ಮರಿಯ ಹಾಗೆ ಒಂದು ನೆಕ್ಕು. ಗಂಟಲ ಕೆಳಗೆ ಗುಟುಕು ಇಳಿದದ್ದು ಕಾಣುತ್ತದೆ. ಎರಡು, ಮೂರು ಗುಟುಕಿನ ನಂತರ ಒಳಲೆಯ ಮೂತಿಯನ್ನು ತುಟಿಯ ಮೇಲೇ ಬಿಟ್ಟು ಹಾಲನ್ನು ಮಾತ್ರ ಹಿಂದಕ್ಕೆ ವಾಲಿಸುತ್ತೇವೆ. ಕೂಸು ಉಸಿರಾಡಿಕೊಳ್ಳುತ್ತದೆ. ಎದೆಯ ಏರಿಳಿತ ನಿಧಾನಕ್ಕೆ ಬಂದ ಮೇಲೆ ಮತ್ತೆ ಬಾಗಿಸುವುದು. ಗಲ್ಲದ ಕೆಳಗೆ ಇಟ್ಟ ಬಟ್ಟೆಗೆ ಚೆಲ್ಲಿದ್ದನ್ನೂ ಲೆಕ್ಕ ಹಿಡಿಯುತ್ತೇವೆ. ಇಪ್ಪತ್ತು, ಹೆಚ್ಚೆಂದರೆ ಮೂವತ್ತು ನಿಮಿಷ. ಅಷ್ಟರಲ್ಲಿ ಎಂಟು ಎಂ.ಎಲ್. ಹೋಗಿದ್ದರೆ ಉಳಿದ ಹತ್ತು ಟ್ಯೂಬಿಗೆ. ಇದು ಸೋಲಲ್ಲ, ಮೂವತ್ತು ನಿಮಿಷದ ನಂತರ ಕೂಸು ಕುಡಿದು ಗಳಿಸುವುದಕ್ಕಿಂತ ದಣಿದು ಕಳೆಯುವುದೇ ಹೆಚ್ಚು.

ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಗಡಿಯಾರಕ್ಕಿಂತ ಕೂಸೇ ಚೆನ್ನಾಗಿ ಹೇಳುತ್ತದೆ. ಕೈ ಬಾಯಿಗೆ ಒಯ್ಯುವುದು, ತುಟಿ ಚಪ್ಪರಿಸುವುದು, ತಲೆ ಅತ್ತಿತ್ತ ಹೊರಳಿಸಿ ಹುಡುಕುವುದು ಹಸಿವಿನ ಮಾತು. ಅಳು ಬಹಳ ತಡವಾದ ಮಾತು, ಅಷ್ಟು ಹೊತ್ತಿಗೆ ಕೂಸು ಅರ್ಧ ದಣಿದಿರುತ್ತದೆ. ಸಾಕೆನ್ನುವ ಮಾತುಗಳು ಇನ್ನೂ ಸೂಕ್ಷ್ಮ: ಹುಬ್ಬು ಗಂಟಿಕ್ಕುವುದು, ಮೂಗಿನ ಹೊಳ್ಳೆ ಅರಳುವುದು, ಬಾಯಿಯ ಅಂಚಿನಿಂದ ಹಾಲು ಜಾರುವುದು, ಆಕಳಿಕೆ, ಬಿಕ್ಕಳಿಕೆ, ಮೈ ಸಡಿಲಾಗುವುದು. ಚಳ್ಳಕೆರೆಯ ಹತ್ತೊಂಬತ್ತು ವರ್ಷದ ತಾಯಿಯೊಬ್ಬಳು ನನಗೊಂದು ಪಾಠ ಕಲಿಸಿದಳು. ಮಾನಿಟರ್‌ನಲ್ಲಿ ಆಮ್ಲಜನಕದ ಅಂಕಿ ಇಳಿಯುವ ಮೊದಲೇ ಅವಳು ಒಳಲೆ ಹಿಂದೆ ತೆಗೆಯುತ್ತಿದ್ದಳು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಕೈ ನೋಡಿ ಸಿಸ್ಟರ್" ಎಂದಳು. ಬಟ್ಟೆಯಿಂದ ಹೊರಬಂದ ಕೂಸಿನ ಕೈಯಲ್ಲಿ ಐದೂ ಬೆರಳು ಅಗಲವಾಗಿ ಬಿಡಿಸಿಕೊಂಡಿದ್ದವು, ಪಂಕ್ತಿಯಲ್ಲಿ ಕೂತವರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಬಡಿಸುವವರಿಗೆ ಬೇಡ ಎನ್ನುವ ಹಾಗೆ. ಅಂದಿನಿಂದ ಎಲ್ಲ ತಾಯಂದಿರಿಗೂ ನಾನು ಇದನ್ನೇ ಹೇಳಿಕೊಡುತ್ತೇನೆ.

34 ವಾರದ ಸುಮಾರಿಗೆ ಮೊಲೆಗೆ. ಹಿಂದೆ ಬರಿ ಮೊಲೆ ಚೀಪಿ ಅಭ್ಯಾಸವಾಗಿದ್ದರೆ ಇದು ಹೊಸ ಊರಲ್ಲ. ಹಾಲು ಜೋರಾಗಿ ಚಿಮ್ಮುವ ತಾಯಿ ಮೊದಲು ಸ್ವಲ್ಪ ಹಿಂಡಿ ಹಚ್ಚಬೇಕು. ಎದುರುಗೈಯಲ್ಲಿ ಕೂಸಿನ ಕುತ್ತಿಗೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ ಅದರ ಗಲ್ಲ, ಕೆನ್ನೆಗಳಿಗೆ ಆಸರೆ ಕೊಟ್ಟರೆ ಆ ಇಲ್ಲದ ಕೊಬ್ಬಿನ ದಿಂಬಿನ ಕೆಲಸವನ್ನು ನಮ್ಮ ಬೆರಳೇ ಮಾಡುತ್ತದೆ. ತಲೆಯ ಹಿಂಭಾಗವನ್ನು ಒತ್ತಬಾರದು, ಒತ್ತಿದಷ್ಟೂ ಕೂಸು ಹಿಂದಕ್ಕೆ ಸೆಟೆಯುತ್ತದೆ. ಎಷ್ಟು ಕುಡಿಯಿತು ಎಂದು ತಿಳಿಯಬೇಕಾದರೆ ಅದೇ ಬಟ್ಟೆಯಲ್ಲಿ ಕುಡಿಯುವ ಮೊದಲು, ಕುಡಿದ ಮೇಲೆ ತೂಗಿ ನೋಡುತ್ತೇವೆ. ಒಂದು ದಿನ ಎಲ್ಲವನ್ನೂ ಕುಡಿದ ಕೂಸು ಮರುದಿನ ಬಾಯಿಯನ್ನೇ ತೆರೆಯದೆ ಇರಬಹುದು. ಆಗ ತಾಯಿ ಕುಸಿದು ಕೂರುತ್ತಾಳೆ. ಏರುತ್ತಾ ಇಳಿಯುತ್ತಾ ಹೋಗುವುದೇ ಈ ಕಲಿಕೆಯ ಸ್ವಭಾವ. ಆದರೆ ಚೆನ್ನಾಗಿ ಕುಡಿಯುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಒಂದರ ಮೇಲೊಂದು ಸಲ ಕುಡಿಯುವುದನ್ನು ಬಿಟ್ಟರೆ ಅದು ಸೋಂಕಿನ ಮೊದಲ ಸೂಚನೆಯೂ ಆಗಿರಬಹುದು, ಸ್ವಭಾವ ಎಂದು ಸುಮ್ಮನಿರಬಾರದು.

"ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ" ಎಂಬ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ಅದು ಶುದ್ಧ ಸುಳ್ಳು. ಹೊಟ್ಟೆಯಲ್ಲಿ ಕಳೆದ ಪ್ರತಿ ವಾರವೂ ಲಾಭವೇ. ಆದರೂ ಎಂಟು ತಿಂಗಳ ಕೂಸುಗಳು ಮೋಸಹೋಗುವ ಒಂದು ಜಾಗವಿದೆ. 34ರಿಂದ 36 ವಾರಕ್ಕೆ ಹುಟ್ಟಿದ ಕೂಸು ಎರಡು ಎರಡೂವರೆ ಕಿಲೋ ಇದ್ದು ನೋಡಲು ತುಂಬು ಕೂಸಿನಂತೆಯೇ ಕಾಣುತ್ತದೆ. ಪೆಟ್ಟಿಗೆ ಬೇಡ, ಟ್ಯೂಬ್ ಬೇಡ, ಎರಡೇ ದಿನಕ್ಕೆ ಮನೆ. ಮೊಲೆ ಬಾಯಿಗಿಟ್ಟರೆ ನಾಲ್ಕು ಗುಟುಕಿಗೆ ನಿದ್ದೆ. "ಎಷ್ಟು ಶಾಂತ ಕೂಸು, ಅಳುವುದೇ ಇಲ್ಲ" ಎಂದು ಮನೆಯವರಿಗೆ ಹೆಮ್ಮೆ. ಐದನೆಯ ದಿನ ಮೈ ಹಳದಿಯಾಗಿ, ತೂಕ ಇಳಿದು, ನಾಲಿಗೆ ಒಣಗಿ ವಾಪಸ್ ಬರುತ್ತದೆ. ಈ ವಯಸ್ಸಿನ ಕೂಸನ್ನು ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಬೇಕು. ಬಟ್ಟೆ ಸಡಿಲಿಸಿ, ಅಂಗಾಲು ಸವರಿ ಎಬ್ಬಿಸಿದರೂ ಸರಿಯಾಗಿ ಕುಡಿಯದಿದ್ದರೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಕೊಡಬೇಕು. ದಿನಕ್ಕೆ ಆರರಿಂದ ಎಂಟು ಸಲ ಮೂತ್ರ ಮಾಡುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದು ಅರ್ಥ.

ಬಾಟಲಿಯನ್ನು ನಾನು ಕೊನೆಗೆ ಇಟ್ಟಿದ್ದೇನೆ, ಅದರ ಜಾಗ ಅಲ್ಲೇ. ಬೋರಲು ಹಿಡಿದ ಬಾಟಲಿಯಿಂದ ಕೂಸು ಚೀಪಲಿ ಬಿಡಲಿ ಹಾಲು ತೊಟ್ಟಿಕ್ಕುತ್ತಲೇ ಇರುತ್ತದೆ, ಅಂದರೆ ಸುರಿಯುವ ಒಳಲೆಯ ತೊಂದರೆಯೇ ಇಲ್ಲೂ ಇದೆ. ತೊಳೆಯುವುದು ಕಷ್ಟ, ಅದರ ಅಭ್ಯಾಸವಾದ ಕೂಸು ಮೊಲೆ ಹಿಡಿಯುವುದು ಇನ್ನೂ ಕಷ್ಟ. ಹಾಲುಣಿಸುವ ಬಾಟಲಿಯ ಜಾಹೀರಾತನ್ನೇ ನಮ್ಮ ದೇಶ 1992ರ ಕಾಯ್ದೆಯಲ್ಲಿ ನಿಷೇಧಿಸಿದೆ.

ಮನೆಗೆ ಕಳಿಸುವಾಗ ನಾನು ತಾಯಿಗಿಂತ ಹೆಚ್ಚಾಗಿ ಮಾತಾಡುವುದು ಬಾಣಂತನ ಮಾಡುವವರ ಜೊತೆ. ಜೇನುತುಪ್ಪ, ಸಕ್ಕರೆ ನೀರು, ತೇದ ಬಜೆ, ಗ್ರೈಪ್ ವಾಟರ್ ಏನೂ ಬೇಡ. ಹರಳೆಣ್ಣೆ ಬಾಯಿಗೆ, ಮೂಗಿಗೆ ಬಿಡುವುದಂತೂ ಬೇಡವೇ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬರುವ ನ್ಯುಮೋನಿಯ ಸುಲಭಕ್ಕೆ ಬಿಡುವುದಿಲ್ಲ. ಡಾಕ್ಟರು ಹೇಳುವವರೆಗೆ ನೀರು ಎರೆಯುವುದು ಬೇಡ, ಲೋಬಾನದ ಹೊಗೆ ಬೇಡ. ಕಾಂಗರೂ ಕಟ್ಟುವುದು ಮನೆಯಲ್ಲೂ ನಡೆಯಲಿ. ಆಶಾ ಕಾರ್ಯಕರ್ತೆ ತೂಗುವ ತಕ್ಕಡಿ ಹಿಡಿದು ಬಂದಾಗ ಕೂಸನ್ನು ತೋರಿಸಿ. ದೃಷ್ಟಿಯಾಗುತ್ತದೆ ಎಂದು ಬಚ್ಚಿಡಬೇಡಿ. ಕುಡಿಯುವಾಗ ನೀಲಿಯಾದರೆ, ಉಸಿರು ನಿಂತಂತೆ ಕಂಡರೆ, ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿ ಬಿಗಿಯಾದರೆ, ಪಾದದ ಜೊತೆ ಹೊಟ್ಟೆಯೂ ತಣ್ಣಗಾದರೆ, ಎರಡು ಸಲ ಸತತವಾಗಿ ಕುಡಿಯದಿದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.

ಜಗಳೂರಿನ ಅಜ್ಜಿ ಐದು ವಾರ ನಮ್ಮ ಜೊತೆ ಇದ್ದರು. ಮೊದಲ ವಾರ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಮೂರನೆಯ ವಾರ ಬೇರೆಯವರ ಸೊಸೆಗೆ "ಸುರಿಯಬೇಡ, ತುಟಿಗೆ ತಾಗಿಸು" ಎಂದು ಹೇಳಿಕೊಡುತ್ತಿದ್ದರು. ಟ್ಯೂಬ್ ತೆಗೆದು ಎರಡು ದಿನವಾಗಿತ್ತು, ಕೂಸಿನ ಕೆನ್ನೆಯ ಮೇಲೆ ಪ್ಲಾಸ್ಟರಿನ ಕೆಂಪು ಗುರುತು ಇನ್ನೂ ಇತ್ತು. ಬಹುಪಾಲು ಮೊಲೆಯಲ್ಲೇ ಕುಡಿಯುತ್ತಿತ್ತು, ರಾತ್ರಿ ಒಂದೆರಡು ಸಲ ಮಾತ್ರ ಒಳಲೆ. ಅಂದು ನಾನು ಬೆಳ್ಳಿಯ ಒಳಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿ, ಕುದಿಸಿ ಅವರ ಕೈಗೇ ಕೊಟ್ಟೆ. ಅವರು ಮೂತಿಯನ್ನು ಕೂಸಿನ ಕೆಳತುಟಿಗೆ ತಾಗಿಸಿ ಕಾದರು. ಒಂದು ಗುಟುಕು, ಎರಡು, ಮೂರು. ಒಳಲೆ ಹಿಂದಕ್ಕೆ ವಾಲಿತು. ಮತ್ತೆ ಮುಂದಕ್ಕೆ. ಕಾಲು ಗಂಟೆಯಾದ ಮೇಲೆ ಕೂಸು ಬೆರಳುಗಳನ್ನು ಅಗಲಿಸಿತು. ಅಜ್ಜಿ ಒಳಲೆಯೊಳಗೆ ಇಣುಕಿ ನೋಡಿದರು.

"ಇನ್ನೂ ಮೂರು ಎಂ.ಎಲ್. ಉಳಿದಿದೆಯಲ್ಲ ಸಿಸ್ಟರ್?"

"ಉಳಿಯಲಿ ಬಿಡಿ ಅಜ್ಜಿ."

ಅವರು ಒಳಲೆಯನ್ನು ಕೆಳಗಿಟ್ಟು, ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರತೊಡಗಿದರು.